ವಾರಂಟ್ ಬಿಡಿ, ಮಹಜರು ತೋರಿಸಿ

ಗಾಂಜಾ ಕೇಸಿನ ಅಪೀಲಿಗೆ ಬರುವವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಹೇಳುವ ಮಾತು ಒಂದೇ. "ಸಾರ್, ಪೊಲೀಸರ ಹತ್ರ ಸರ್ಚ್ ವಾರಂಟೇ ಇರ್ಲಿಲ್ಲ. ಕೇಸು ಬಿದ್ದು ಹೋಗುತ್ತೆ ಅಲ್ವಾ?"

ಬೀಳಲ್ಲ. ಸಿನಿಮಾದಲ್ಲಿ ಬೀಳಬಹುದು. ಶೋಧನೆಯಲ್ಲಿ ತಪ್ಪಾಯಿತು ಅಂತ ಸಿಕ್ಕಿದ ಮಾಲು ತಾನಾಗಿ ಸಾಕ್ಷ್ಯದಿಂದ ಆಚೆ ಹೋಗುವುದಿಲ್ಲ. ಪೂರಣ್ ಮಲ್ ಪ್ರಕರಣದಲ್ಲಿ 1973ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 42ರಲ್ಲಂತೂ ವಾರಂಟ್ ಇಲ್ಲದೆ ಮನೆ ಹೊಕ್ಕಲು ಅಧಿಕಾರವೇ ಇದೆ. ಆದರೆ ಬಂದ ಸುಳಿವನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ರಾತ್ರಿ ಹೊಕ್ಕರೆ, ವಾರಂಟ್ ತರಲು ಹೋಗಿದ್ದರೆ ಮಾಲು ಮಾಯವಾಗುತ್ತಿತ್ತು ಅಂತಲೋ ಆಸಾಮಿ ಓಡಿಹೋಗುತ್ತಿದ್ದ ಅಂತಲೋ ನಂಬಲು ಕಾರಣ ಏನಿತ್ತು, ಅದನ್ನೂ ಬರೆಯಬೇಕು. ನಾನು ಹುಡುಕುವುದು ಆ ಹಾಳೆಯನ್ನು. ಅದು ಇಲ್ಲವೇ ಇಲ್ಲ ಅಂದರೆ ಮಾತಾಡೋಣ. ಇರದ ವಾರಂಟಿನ ಬಗ್ಗೆ ಎಷ್ಟು ಅಂತ ಮಾತಾಡೋದು?

 

ಒಬ್ಬ ಯಜಮಾನರು ಬಂದಿದ್ದರು, ಅಡಿಕೆ ಬೆಳೆಗಾರರು. ಮಗನಿಗೆ ಸೆಷನ್ಸ್ ಕೋರ್ಟಿನಲ್ಲಿ 10 ವರ್ಷ. ಅರ್ಧ ಗಂಟೆ ವಾರಂಟಿನ ಮೇಲೇ ಮಾತು. ಅಷ್ಟರಲ್ಲಿ ನಾನು ಮಹಜರು, ಅಂದರೆ ಮಾಲು ಜಪ್ತಿ ಮಾಡಿದಾಗ ಪೊಲೀಸರು ಬರೆದ ಕಾಗದ, ಓದುತ್ತಿದ್ದೆ: "ಗೋಣಿಚೀಲ ಸಮೇತ 20 ಕೆಜಿ 400 ಗ್ರಾಂ".

"ಯಜಮಾನ್ರೇ, ಖಾಲಿ ಗೋಣಿಚೀಲ ಎಷ್ಟು ತೂಗುತ್ತೆ?"

"ಅರ್ಧ ಕೆಜಿ ಮೇಲೇ ಸಾರ್. ಮಂಡಿಯಲ್ಲಿ ಚೀಲದ ತೂಕ ಕಳೆದೇ ಲೆಕ್ಕ ಹಾಕ್ತಾರೆ."

ಮಂಡಿಯಲ್ಲಿ ಕಳೆಯುತ್ತಾರೆ, ಮಹಜರಿನಲ್ಲಿ ಕಳೆದಿಲ್ಲ! ಗಾಂಜಾ 20 ಕೆಜಿ ದಾಟಿದರೆ ಕಮರ್ಷಿಯಲ್ ಪ್ರಮಾಣ. ಆಮೇಲೆ ಜಡ್ಜ್ ಮನಸ್ಸು ಎಷ್ಟೇ ಕರಗಲಿ, ಹುಡುಗನ ವಯಸ್ಸು, ಅಮ್ಮನ ಕಾಯಿಲೆ ಏನೇ ಹೇಳಿ, 10 ವರ್ಷಕ್ಕಿಂತ ಕೆಳಗೆ ಇಳಿಯುವಂತಿಲ್ಲ. ದಂಡವೂ ಕನಿಷ್ಠ 1 ಲಕ್ಷ. ದಾಟದಿದ್ದರೆ 10 ವರ್ಷ ಅನ್ನುವುದು ಗರಿಷ್ಠ, ಕನಿಷ್ಠ ಅಂತ ಒಂದಿಲ್ಲ. ಅಂದರೆ ಈ ಶಿಕ್ಷೆ ನಿಂತಿರುವುದೇ ಒಂದು ಚೀಲದ ಮೇಲೆ. ಪಾಟೀಸವಾಲಿನಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಗೆಲ್ಲುತ್ತೇವೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಚೀಲವನ್ನು ಬೇರೆಯಾಗಿ ಯಾರೂ ತೂಗಿಲ್ಲ, ಸರ್ಕಾರಿ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ನಿಮ್ಮ ಕೇಸಿನ ಕಾಗದಗಳೂ ಬೇರೆಯೇ ಇರುತ್ತವೆ, ಇದನ್ನು ಸುಮ್ನೆ ಅಂಟಿಸಿಕೊಳ್ಳಬೇಡಿ.

ಅಪೀಲಿನಲ್ಲಿ ಮೊದಲ ಗ್ರೌಂಡು ಚೀಲದ್ದು. ವಾರಂಟಿನದನ್ನು ಹನ್ನೊಂದನೆಯದಾಗಿ ಸೇರಿಸಿದ್ದೇನೆ, ಯಜಮಾನರ ಸಮಾಧಾನಕ್ಕೆ.