ಅನಂತವನ್ನು ನಿಮಿಷದಿಂದ ಭಾಗಿಸಿದ ಕಥೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸು ದಾರಿಯಲ್ಲಿ ಎಲ್ಲಿದೆ ಎಂದು ತಿಳಿಸಲು ಒಂದೇ ಸಂಖ್ಯೆ ಸಾಕು: ಹುಬ್ಬಳ್ಳಿಗೆ 0, ಧಾರವಾಡಕ್ಕೆ 1, ನವನಗರಕ್ಕೆ ನಡುವಿನ ಯಾವುದೋ ಭಿನ್ನರಾಶಿ. ಅದನ್ನು ನಿಮಿಷಕ್ಕೊಮ್ಮೆ, ಹಿಂದಕ್ಕೂ ಮುಂದಕ್ಕೂ ಕೊನೆಯಿಲ್ಲದಂತೆ ಬರೆದಿಡೋಣ. ಬಸ್ಸು ನಿಮಿಷದೊಳಗೆ ಎಲ್ಲಿಂದೆಲ್ಲಿಗಾದರೂ ಹಾರಬಹುದು ಎಂಬ ಸ್ವಾತಂತ್ರ್ಯವನ್ನೂ ಕೊಡೋಣ. ಗಣಿತಕ್ಕೆ ಸಿಗ್ನಲ್‌ಗಳ ಕಾಟವಿಲ್ಲ. ಇಂಥ ಎಲ್ಲ ದಾಖಲೆಗಳು ಸೇರಿದ ಸ್ಪೇಸ್ (ಒಂದೊಂದು ದಾಖಲೆಯೂ ಇದರಲ್ಲಿ ಒಂದು ಬಿಂದು) ಕಾಂಪ್ಯಾಕ್ಟ್ ಆಗಿರುತ್ತದೆ, ಅಂದರೆ ಎಷ್ಟೇ ಸಣ್ಣ ತುಂಡುಗಳಿಂದ ಮುಚ್ಚಿದರೂ ಸಾಂತ ಸಂಖ್ಯೆಯ ತುಂಡುಗಳೇ ಸಾಕು. ಆದರೆ ಅದರ ಆಯಾಮ ಅನಂತ. ಎರಡು ಬಸ್ಸುಗಳಿದ್ದರೂ ಅನಂತವೇ. ಹಿಗ್ಗಿಸಿ ಬಗ್ಗಿಸಿದರೂ ಬದಲಾಗದ ಗುಣಗಳನ್ನಷ್ಟೇ ನೋಡುವ ಟೊಪಾಲಜಿಯ ಕಣ್ಣಿಗೆ ಈ ಎರಡು ಸ್ಪೇಸ್‌ಗಳೂ ಒಂದೇ. ಒಂದಕ್ಕೂ ಎರಡಕ್ಕೂ ಭೇದ ಕಾಣದ ಅಳತೆಗೋಲಿನಿಂದ ಏನು ಪ್ರಯೋಜನ?

ಆಯಾಮದ ತಕರಾರು ಹಳೆಯದು. ರೇಖೆಯ ಬಿಂದುಗಳನ್ನು ಚೌಕದ ಬಿಂದುಗಳೊಂದಿಗೆ ಒಂದಕ್ಕೊಂದು ಜೋಡಿಸಬಹುದೆಂದು 1877ರಲ್ಲಿ ಕ್ಯಾಂಟರ್ ತೋರಿಸಿದರು. 1890ರಲ್ಲಿ ಪೆಯಾನೊ ಅವರ ವಕ್ರರೇಖೆ ಎಲ್ಲಿಯೂ ಕಡಿಯದೆ ಇಡೀ ಚೌಕವನ್ನು ತುಂಬಿತು. ಅಂದಮೇಲೆ ರೇಖೆಗೆ ಒಂದು, ಚೌಕಕ್ಕೆ ಎರಡು ಎನ್ನಲು ಆಧಾರವೇನು? 1911ರಲ್ಲಿ ಬ್ರೌವರ್ ಆ ಭೇದವನ್ನು ಸಾಧಿಸಿದರು. ಅದೇ ವರ್ಷ ಲೆಬೆಗ್ ಇನ್ನೊಂದು ದಾರಿ ಹಿಡಿದರು (ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎಸ್ಸಿ. ಮಾಡಿದವರಿಗೆ ಈ ಹೆಸರು ಅನುಕಲನದಿಂದ ಪರಿಚಿತ). ಒಂದು ಆಕೃತಿಯನ್ನು ಸಣ್ಣ ಸಣ್ಣ ತುಂಡುಗಳಿಂದ ಮುಚ್ಚುವಾಗ ಒಂದೇ ಬಿಂದುವಿನಲ್ಲಿ ಕನಿಷ್ಠ ಎಷ್ಟು ತುಂಡುಗಳು ಸೇರಲೇಬೇಕು? ರೇಖೆಯಲ್ಲಿ ಎರಡು, ಚೌಕದಲ್ಲಿ ಮೂರು. ಅದರಲ್ಲಿ ಒಂದು ಕಳೆದರೆ ಆಯಾಮ. ಮುಂದೆ ಮೆಂಗರ್ ಮತ್ತು ನೋಬೆಲಿಂಗ್ ಅವರ ಪ್ರಮೇಯ ಬಂತು: n ಆಯಾಮದ ಕಾಂಪ್ಯಾಕ್ಟ್ ಮೆಟ್ರಿಕ್ ಸ್ಪೇಸ್ (ಬಿಂದುಗಳ ನಡುವಿನ ದೂರ ಅಳೆಯಬಹುದಾದದ್ದು) ಯಾವುದೇ ಇರಲಿ, 2n+1 ಆಯಾಮದಲ್ಲಿ ಅದು ಹರಿಯದೆ, ಬಿಂದುಗಳು ಒಂದರ ಮೇಲೊಂದು ಬೀಳದೆ ಹಿಡಿಸುತ್ತದೆ. ಈ ಎರಡರ ಗುಣಕ ಮುಂದೆಯೂ ಬರಲಿದೆ.

ಚಲನೆ ಸೇರಿದ ಮೇಲೆ ಪ್ರಶ್ನೆ ಬದಲಾಯಿತು. ಒಂದು ವ್ಯವಸ್ಥೆಯ ಇಡೀ ನಡೆಯನ್ನು ನಿಮಿಷಕ್ಕೊಂದು ಸಂಖ್ಯೆಯ ದಾಖಲೆಯಲ್ಲಿ ಅಡಗಿಸಬಹುದೇ? ಆಯಾಮ ಸಾಂತವಾಗಿದ್ದು, ಹೊರಟಲ್ಲಿಗೇ ಮರಳುವ ಬಿಂದುಗಳು ಇಲ್ಲದಿದ್ದರೆ ಸಾಧ್ಯ ಎಂದು 1974ರಲ್ಲಿ ಜಾವೊರ್ಸ್ಕಿ ತೋರಿಸಿದರು. ಆಯಾಮ ಸಾವಿರವಿದ್ದರೂ ಅಡ್ಡಿಯಿಲ್ಲ, ಕಾಲ ಬೇಕಾದಷ್ಟಿದೆ. ಆಯಾಮವೇ ಅನಂತವಾದರೆ? 1965ರಿಂದ ಬಳಕೆಯಲ್ಲಿದ್ದ ಟೊಪಾಲಜಿಕಲ್ ಎಂಟ್ರೊಪಿ (ಕಾಲ ಬೆಳೆದಂತೆ ಬೇರೆ ಬೇರೆ ನಡೆಗಳ ಸಂಖ್ಯೆ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬ ಅಳತೆ) ಇಲ್ಲಿ ಕೈಕೊಡುತ್ತದೆ. ಬಸ್ಸಿನ ದಾಖಲೆಗೆ ಅದೂ ಅನಂತವೇ.

1999ರಲ್ಲಿ ಗ್ರೊಮೊವ್ ಕೊಟ್ಟ ಉಪಾಯ ಸರಳ. ಒಂದು ನಿಖರತೆಯನ್ನು ಮೊದಲೇ ಗೊತ್ತುಮಾಡಿಕೊಂಡು, n ನಿಮಿಷಗಳ ನಡೆಯನ್ನು ಅಷ್ಟು ನಿಖರವಾಗಿ ಹೇಳಲು ಎಷ್ಟು ಆಯಾಮ ಬೇಕೆಂದು ಲೆಕ್ಕ ಹಾಕಿ, n ಇಂದ ಭಾಗಿಸಿ. n ಬೆಳೆಯಲಿ, ನಿಖರತೆಯನ್ನು ಬಿಗಿಗೊಳಿಸುವುದು ಆಮೇಲೆ. ಈ ಅನುಕ್ರಮ ತಪ್ಪಿದರೆ ಮತ್ತೆ ಅನಂತದ ಕೆಸರು. ಹೀಗೆ ಸಿಗುವ ಸರಾಸರಿ ಆಯಾಮ ಒಂದು ಬಸ್ಸಿಗೆ 1, ಎರಡಕ್ಕೆ 2. 2000ದಲ್ಲಿ ಲಿಂಡೆನ್‌ಸ್ಟ್ರಾಸ್ ಮತ್ತು ವೈಸ್ ಈ ಸಿದ್ಧಾಂತವನ್ನು ವಿಸ್ತರಿಸಿ, ಸರಾಸರಿ ಆಯಾಮ 1ನ್ನು ಮೀರಿದ ಕಾರಣಕ್ಕೇ ಒಂಟಿ ಸಂಖ್ಯೆಯ ದಾಖಲೆಯಲ್ಲಿ ಹಿಡಿಸದ ‘ಮಿನಿಮಲ್’ ವ್ಯವಸ್ಥೆಯೊಂದನ್ನು ಕಟ್ಟಿದರು. ಅಲ್ಲಿ ಪ್ರತಿ ಬಿಂದುವಿನ ಪಯಣವೂ ಇಡೀ ಸ್ಪೇಸ್‌ನ ಮೂಲೆಮೂಲೆಯನ್ನು ಸಮೀಪಿಸುತ್ತದೆ.

ಹಾಗಾದರೆ ಎಷ್ಟಿದ್ದರೆ ಹಿಡಿಸುತ್ತದೆ? ನಿಮಿಷಕ್ಕೆ D ಸಂಖ್ಯೆಗಳಿದ್ದಾಗ, ಸರಾಸರಿ ಆಯಾಮ D/36ಕ್ಕಿಂತ ಕಡಿಮೆಯಿರುವ ಮಿನಿಮಲ್ ವ್ಯವಸ್ಥೆ ಹಿಡಿಸುತ್ತದೆಂದು 1999ರಲ್ಲೇ ಲಿಂಡೆನ್‌ಸ್ಟ್ರಾಸ್ ಸಾಧಿಸಿದ್ದರು. (2010ರಲ್ಲಿ ಹೈದರಾಬಾದಿನಲ್ಲಿ ಫೀಲ್ಡ್ಸ್ ಪದಕ ಪಡೆದವರು ಇವರೇ, ಅದು ಬೇರೆ ಕೆಲಸಕ್ಕೆ.) 36 ಎಂಬುದು ಸಾಧನೆಯ ಅನುಕೂಲಕ್ಕೆ ಬಂದ ಸಂಖ್ಯೆಯಂತೆಯೇ ಕಾಣುತ್ತದೆ. 2014ರಲ್ಲಿ ಅವರೂ ತ್ಸುಕಾಮೊಟೊ ಅವರೂ ಸರಿಯಾಗಿ D/2ರಲ್ಲಿ ಸೋಲುವ ಉದಾಹರಣೆ ಕೊಟ್ಟರು. D/2ಕ್ಕಿಂತ ಕಡಿಮೆಯಿದ್ದರೆ ಸಾಕು ಎಂದು 2020ರಲ್ಲಿ ಗುಟ್‌ಮನ್ ಮತ್ತು ತ್ಸುಕಾಮೊಟೊ ಸಾಧಿಸಿದರು. 2n+1ರ ಆ ಎರಡು ಇಲ್ಲಿ ಮರಳಿತು. ನನಗೆ ಹೆಚ್ಚು ಹಿಡಿಸಿದ್ದು ಅವರ ಉಪಕರಣ: ದೂರವಾಣಿ ತಂತ್ರಜ್ಞರ ಸ್ವತ್ತಾದ ಸಂಕೇತ (ಸಿಗ್ನಲ್) ಸಿದ್ಧಾಂತ, ಸೀಮಿತ ಆವೃತ್ತಿಯ ತರಂಗಗಳು.

ಕಾಲದ ಬದಲು ಬೇರೊಂದು ಗ್ರೂಪ್ (ಒಂದಾದ ಮೇಲೊಂದು ಮಾಡಬಹುದಾದ, ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆಗಳ ಕೂಟ) ಚಲನೆಯನ್ನು ನಡೆಸಿದರೆ ಯಾವುದರಿಂದ ಭಾಗಿಸಬೇಕು? n ನಿಮಿಷಗಳಿಗೆ ಎರಡೇ ತುದಿಗಳಿರುವಂತೆ, ಅಂಚು ಒಡಲಿಗಿಂತ ತೀರಾ ಚಿಕ್ಕದಾಗಿರುವ ತುಂಡುಗಳು ಬೇಕು. ಅಂಥವು ದೊರೆಯುವ ಗ್ರೂಪ್‌ಗಳನ್ನು 1955ರಲ್ಲಿ ಫೋಲ್ನರ್ ಗುರುತಿಸಿದ್ದರು. ಎರಡು ಜನಕಗಳ (ಮೂಲ ಕ್ರಿಯೆಗಳ), ಅವುಗಳ ನಡುವೆ ಯಾವ ನಿಯಮವೂ ಇಲ್ಲದ ಮುಕ್ತ ಗ್ರೂಪ್‌ನಲ್ಲಿ ಅಂಚೇ ಒಡಲಿನಷ್ಟು ದೊಡ್ಡದು, ಸರಾಸರಿ ನಿಲ್ಲುವುದಿಲ್ಲ. 2013ರಲ್ಲಿ ಹಾನ್‌ಫೆಂಗ್ ಲಿ ಗ್ರೂಪ್‌ನ ಒಳಗೆ ತುಂಡು ಹುಡುಕುವುದನ್ನೇ ಬಿಟ್ಟು, ಗ್ರೂಪನ್ನೇ ಹೊರಗಿನ ಸಾಂತ ಗಣಗಳ ಮೇಲಿನ ಅದಲುಬದಲುಗಳಿಂದ ಅಂದಾಜಿಸಿದರು. ಫೋಲ್ನರ್ ಬಗೆಯ ಅನಂತ ಗ್ರೂಪ್‌ಗಳಲ್ಲಿ ಈ ಹೊಸ ಲೆಕ್ಕವೂ ಹಳೆಯ ಉತ್ತರವನ್ನೇ ಕೊಡುತ್ತದೆ.