ಮಹಡಿಯ ಸೋಲಾರ್ ವಿದ್ಯುತ್ತನ್ನು ಪಕ್ಕದ ಮನೆಗೆ ಕೊಡಬಹುದೇ?

ಪ್ರಶ್ನೆ: ನಮ್ಮ ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಹಗಲು ಮಿಗುವ ವಿದ್ಯುತ್ತನ್ನು ತಂತಿ ಎಳೆದು ಪಕ್ಕದ ಮನೆಗೆ ಕೊಡಬಹುದೇ? ಉತ್ಪಾದನೆಗೆ ಲೈಸೆನ್ಸ್ ಬೇಡ ಎನ್ನುತ್ತಾರಲ್ಲ?

ಉತ್ತರ: ಕೊಡುವಂತಿಲ್ಲ. ಇದಕ್ಕೆ ಹಲವು ಬಾರಿ ಉತ್ತರಿಸಿದ್ದೇನೆ. ಆದರೂ ಬೇಸಿಗೆ ಬಂತೆಂದರೆ ಪ್ರಶ್ನೆ ಮರಳಿ ಬರುತ್ತದೆ, ಅದರ ಬಾಲದಲ್ಲಿ ಆ ಕೊನೆಯ ವಾಕ್ಯವೂ ತಪ್ಪದೆ ಇರುತ್ತದೆ. ಆದ್ದರಿಂದ ಈ ಸಲ ಆ ವಾಕ್ಯವನ್ನೇ ಬಿಡಿಸಿ ನೋಡೋಣ.

2003ರ ವಿದ್ಯುತ್ ಕಾಯ್ದೆಯ 7ನೇ ಸೆಕ್ಷನ್ ಉತ್ಪಾದನೆಯನ್ನು ಲೈಸೆನ್ಸ್‌ನಿಂದ ಬಿಡಿಸಿದ್ದು ನಿಜ. ಆದರೆ ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಸರಣ, ವಿತರಣೆ ಮತ್ತು ವ್ಯಾಪಾರ ಈ ಮೂರಕ್ಕೂ ಲೈಸೆನ್ಸ್ ಇರಬೇಕು, ಇಲ್ಲವೇ ವಿನಾಯಿತಿ ಸಿಕ್ಕಿರಬೇಕು ಎನ್ನುತ್ತದೆ. ಕಾಂಪೌಂಡ್ ದಾಟಿ ಇನ್ನೊಬ್ಬರ ಮನೆಗೆ ಹೋದ ತಂತಿ ಹತ್ತೇ ಮೀಟರ್ ಇದ್ದರೂ ಅದು ಉತ್ಪಾದನೆಯ ಲೆಕ್ಕಕ್ಕೆ ಸೇರುವುದಿಲ್ಲ.

"ಬಾವಿ ನನ್ನದು, ನೀರು ಯಾರಿಗೆ ಕೊಟ್ಟರೇನು?" ಎಂಬ ವಾದವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಾವಿಯ ನೀರು ಕೊಡದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಿಮ್ಮ ಸೋಲಾರ್ ವಿದ್ಯುತ್ತಾದರೋ ಮನೆಯ ಬೋರ್ಡಿನಲ್ಲೇ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ವಿದ್ಯುತ್ತಿನ ಜೊತೆ ಕೂಡಿಕೊಳ್ಳುತ್ತದೆ. ಮೋಡ ಕವಿದಾಗ, ಸಂಜೆ ಏಳಕ್ಕೆ ದೀಪ ಹಚ್ಚಿದಾಗ, ಪಕ್ಕದ ಮನೆಯ ಫ್ರಿಜ್ ಓಡುವುದು ನಿಮ್ಮ ಆರ್.ಆರ್. ನಂಬರಿಗೆ, ಅಂದರೆ ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆಗೆ, ಮಂಜೂರಾದ ಎಸ್ಕಾಂ ವಿದ್ಯುತ್ತಿನಿಂದಲೇ. ಮಂಜೂರಾದ ಜಾಗ ಬಿಟ್ಟು ಬೇರೆ ಜಾಗದಲ್ಲಿ ಬಳಸುವುದನ್ನು 126ನೇ ಸೆಕ್ಷನ್ ಅನಧಿಕೃತ ಬಳಕೆ ಎಂದು ಕರೆದು, ಅನ್ವಯವಾಗುವ ದರದ ಎರಡರಷ್ಟನ್ನು ವಸೂಲಿ ಮಾಡಲು ಹೇಳುತ್ತದೆ. ಬಳಕೆಯ ಅವಧಿ ಗೊತ್ತಾಗದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳನ್ನು ಲೆಕ್ಕ ಹಿಡಿಯುತ್ತಾರೆ. "ನಾನು ದುಡ್ಡು ತೆಗೆದುಕೊಂಡಿಲ್ಲ" ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಆ ಸೆಕ್ಷನ್ ಕೇಳುವುದು ವಿದ್ಯುತ್ತು ಎಲ್ಲಿ ಬಳಕೆಯಾಯಿತೆಂದು ಮಾತ್ರ.

ಕಾನೂನಿಗಿಂತ ಹೆಚ್ಚು ನನ್ನನ್ನು ಕಾಡುವುದು ಕಂಬದ ಮೇಲಿನ ಪವರ್‌ಮ್ಯಾನ್. ಪಕ್ಕದ ಮನೆಗೆ ಅವರದೇ ಸಂಪರ್ಕವೂ ಇರುತ್ತದೆ. ನೀವು ಎಳೆದ ತಂತಿ ಅದಕ್ಕೆ ಕೂಡಿಕೊಂಡಿದ್ದರೆ, ಅವರ ಲೈನ್ ಬಂದ್ ಮಾಡಿ ಕೆಲಸಕ್ಕೆ ಹತ್ತಿದವನ ಕೈಗೆ ನಿಮ್ಮ ಮನೆಯಿಂದ ಹಿಮ್ಮುಖವಾಗಿ ಕರೆಂಟು ಹರಿಯಬಹುದು. ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುವಂತೆ ಮಾಡಿರುವುದು ಇದೇ ಅಪಾಯ ತಪ್ಪಿಸಲು. ನೆಟ್ ಮೀಟರಿಂಗ್ ಒಪ್ಪಂದವಿದ್ದರೆ ಮಿಕ್ಕಿದ್ದು ದ್ವಿಮುಖ ಮೀಟರ್ ಮೂಲಕ ಎಸ್ಕಾಂಗೇ ಹೋಗಿ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ.

ಹಾಗಾದರೆ ಮಲೆನಾಡಿನ ಒಂಟಿಮನೆಗಳ ಪುಟ್ಟ ಟರ್ಬೈನ್‌ಗಳ ಪಾಡೇನು? ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಗುಡ್ಡದ ಹಳ್ಳವನ್ನು ಪೈಪಿನಲ್ಲಿ ಇಳಿಸಿ, ತುದಿಯ ಸಣ್ಣ ರಂಧ್ರದಿಂದ ಚಿಮ್ಮುವ ನೀರು ಚಕ್ರದ ಬಟ್ಟಲುಗಳಿಗೆ ಬಡಿಯುವಂತೆ ಮಾಡಿದರೆ ಮಳೆಗಾಲವಿಡೀ ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ. ಗ್ರಿಡ್ಡಿನ ನಂಟಿಲ್ಲದೆ ತಮ್ಮ ಮನೆಗೇ ಬಳಸಿಕೊಂಡರೆ ಲೈಸೆನ್ಸ್ ಬೇಕಿಲ್ಲ. ಕೆಳಗಿನ ನಾಲ್ಕು ಮನೆಗಳಿಗೆ ಹಂಚಿ ಹಣ ಪಡೆಯುವ ಯೋಚನೆಯಿದ್ದರೆ ಅದೇ ಕಾಯ್ದೆಯ 14ನೇ ಸೆಕ್ಷನ್ನಿನ ಎಂಟನೆಯ ಪರಂತುಕವನ್ನು (‘ಆದರೆ’ ಎಂದು ಸೇರಿಸಿದ ವಿನಾಯಿತಿಯ ವಾಕ್ಯವನ್ನು) ಓದಬೇಕು: ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಗ್ರಾಮೀಣ ಪ್ರದೇಶದಲ್ಲಿ ಉತ್ಪಾದಿಸಿ ಹಂಚುವವರಿಗೆ ಲೈಸೆನ್ಸ್ ಬೇಡ, ಸುರಕ್ಷತಾ ನಿಯಮಗಳನ್ನು ಮಾತ್ರ ಪಾಲಿಸಬೇಕು. ಆದ್ದರಿಂದ ತಂತಿ ಕೊಳ್ಳುವ ಮೊದಲು ನಿಮ್ಮ ಊರು ಆ ಅಧಿಸೂಚನೆಯಲ್ಲಿ ಇದೆಯೇ ಎಂದು ವಿಚಾರಿಸಿ.