ಬೋರ್‌ವೆಲ್ಲಿನ ಯುರೇನಿಯಂ, ಕೈಗಾದ ಯುರೇನಿಯಂ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಸಿಕ್ಕಿದೆ ಅಂತ ಸುದ್ದಿ ಬಂದಾಗಿನಿಂದ ಊರಿನವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ನೀವು ಅಣು ಸ್ಥಾವರದಲ್ಲಿ ಕೆಲಸ ಮಾಡಿದವರು ಅಲ್ವಾ, ಇದೂ ಅದೂ ಒಂದೇನಾ?

ಹೌದು, ಒಂದೇ. ಕೈಗಾದ ರಿಯಾಕ್ಟರುಗಳಿಗೆ ಹಾಕುವುದು ನೈಸರ್ಗಿಕ ಯುರೇನಿಯಂ. ಅದರ ಸಾವಿರ ಪರಮಾಣುಗಳಲ್ಲಿ ಸುಮಾರು 7 ಮಾತ್ರ ಯುರೇನಿಯಂ-235 ಎಂಬ ಹಗುರ ಬಗೆ, ಮಿಕ್ಕಿದ್ದೆಲ್ಲ ಸ್ವಲ್ಪ ಭಾರದ 238. ಮಾಲೂರಿನ ಬಂಡೆಯಲ್ಲಿರುವ ಯುರೇನಿಯಂನಲ್ಲೂ ಅದೇ ಲೆಕ್ಕ.

ನೀರಿನ ಮಾತು ಮೊದಲು ಮುಗಿಸುತ್ತೇನೆ. ಅಲ್ಲಿ ಭಯಪಡಬೇಕಾದ್ದು ವಿಕಿರಣಕ್ಕಿಂತ ಜಾಸ್ತಿ ಕಿಡ್ನಿಯ ಬಗ್ಗೆ. ಯುರೇನಿಯಂ ಸೀಸದ ಹಾಗೆ ಒಂದು ಭಾರ ಲೋಹ, ವರ್ಷಗಟ್ಟಲೆ ಕುಡಿದರೆ ಕಿಡ್ನಿಗೆ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ನೀರು ಕುದಿಸಿದರೆ ಅದು ಹೋಗುವುದಿಲ್ಲ. ಆರ್‌ಒ ಫಿಲ್ಟರ್ ಬಹುಪಾಲು ತೆಗೆಯುತ್ತದೆ. ಆಳದ ಬೋರ್ ನೀರು ಕುಡಿಯುವವರು ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಿಸಲೇಬೇಕು.

ಸರಿ, ಅದೇ ವಸ್ತು ಅಲ್ಲಿ ಕರೆಂಟ್ ಕೊಡುತ್ತದೆ, ಇಲ್ಲಿ ಸುಮ್ನೆ ಬಿದ್ದಿದೆ. ಯಾಕೆ?

ಯುರೇನಿಯಂ-235ರ ನ್ಯೂಕ್ಲಿಯಸ್ಸಿಗೆ ಒಂದು ನ್ಯೂಟ್ರಾನ್ ಹೊಕ್ಕರೆ ಅದು ಅಲುಗಾಡಿ ಎರಡು ಹೋಳಾಗುತ್ತದೆ. ಬೇರಿಯಂ, ಕ್ರಿಪ್ಟಾನ್ ಥರದ ಚಿಕ್ಕ ಪರಮಾಣುಗಳು ಹುಟ್ಟುತ್ತವೆ, ಜೊತೆಗೆ ಶಾಖ ಮತ್ತು ಎರಡೋ ಮೂರೋ ಹೊಸ ನ್ಯೂಟ್ರಾನ್ ಹೊರಬೀಳುತ್ತವೆ. ಆ ಶಾಖದಿಂದಲೇ ಕರೆಂಟ್. 1938ರ ಕೊನೆಯಲ್ಲಿ ಬರ್ಲಿನ್ನಿನ ಪ್ರಯೋಗಾಲಯದಲ್ಲಿ ಒಟ್ಟೊ ಹಾನ್, ಫ್ರಿಟ್ಸ್ ಸ್ಟ್ರಾಸ್‌ಮನ್ ಕಂಡದ್ದು ಇದೇ ಬೇರಿಯಂ. ಅದು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಿದವರು ದೇಶ ಬಿಟ್ಟು ಹೋಗಬೇಕಾಗಿ ಬಂದಿದ್ದ ಲೀಸ್ ಮೈಟ್ನರ್, ಅವರ ಜೊತೆ ಅಕ್ಕನ ಮಗ ಒಟ್ಟೊ ಫ್ರಿಶ್. ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಹೋಯಿತು. ಅದು ಅನ್ಯಾಯ ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ.

ಹೊಸ ನ್ಯೂಟ್ರಾನ್‌ಗಳಲ್ಲಿ ಒಂದಾದರೂ ಇನ್ನೊಂದು 235ನ್ನು ಒಡೆದರೆ ಸರಪಳಿ ಮುಂದುವರಿಯುತ್ತದೆ. ಕಷ್ಟ ಇರುವುದು ಅಲ್ಲೇ. ಹುಟ್ಟುವಾಗ ಅವು ಬಲು ವೇಗದಲ್ಲಿರುತ್ತವೆ, ಆ ವೇಗದಲ್ಲಿ 235ಕ್ಕೆ ಸಿಗುವುದು ಕಡಿಮೆ, 238 ನುಂಗಿಬಿಡುವುದೇ ಹೆಚ್ಚು. ಹಾಗಾಗಿ ಅವುಗಳ ವೇಗ ಇಳಿಸಬೇಕು. ಮಾಮೂಲಿ ನೀರು ವೇಗ ಇಳಿಸುತ್ತದೆ, ಆದರೆ ಅದೇ ಒಂದಷ್ಟನ್ನು ನುಂಗಿಯೂ ಬಿಡುತ್ತದೆ. ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ನುಂಗುವುದು ತೀರಾ ಕಡಿಮೆ. ಅದಕ್ಕೇ ಕೈಗಾದಲ್ಲಿ ಭಾರಜಲ. ಬಂಡೆಯ ಸಂದಿನಲ್ಲಿ ಚೂರುಚೂರು ಹರಡಿಕೊಂಡಿರುವ ನಮ್ಮ ಯುರೇನಿಯಂಗೆ ಈ ಅನುಕೂಲ ಯಾವುದೂ ಇಲ್ಲ, ಹಾಗಾಗಿ ಅಲ್ಲಿ ಸರಪಳಿ ಹತ್ತಿಕೊಳ್ಳುವ ಮಾತೇ ಇಲ್ಲ. ಆಫ್ರಿಕಾದ ಗಬಾನ್ ದೇಶದ ಓಕ್ಲೋದಲ್ಲಿ ಮಾತ್ರ ಸುಮಾರು 200 ಕೋಟಿ ವರ್ಷದ ಹಿಂದೆ ನೆಲದೊಳಗೇ ರಿಯಾಕ್ಟರ್ ನಡೆದಿತ್ತು. ಅದಿರು ಅಲ್ಲಿ ದಟ್ಟವಾಗಿತ್ತು, ಆಗ 235ರ ಪಾಲು ಶೇ 3ರ ಹತ್ತಿರ ಇತ್ತು, ಮಾಮೂಲಿ ನೀರೇ ಸಾಕಾಯಿತು.

ಇಂಧನ ಹೇಗಿರುತ್ತದೆ ಗೊತ್ತಾ? 220 ಮೆಗಾವಾಟ್ ರಿಯಾಕ್ಟರಿನ ಒಂದು ಬಂಡಲ್ ಅರ್ಧ ಮೀಟರ್ ಉದ್ದ, 19 ಸಣ್ಣ ಕೊಳವೆಗಳ ಕಟ್ಟು, ಒಳಗೆ ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್. ಹೊಸದನ್ನು ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಎತ್ತಿ ಪರೀಕ್ಷಿಸುತ್ತೇವೆ. ಅದೊಂದರಿಂದ ಹೆಚ್ಚುಕಮ್ಮಿ 6 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ 500 ಮನೆಗಳಿಗೆ ಒಂದು ವರ್ಷ ಸಾಕು.

ಆದರೆ ಉರಿದು ರಿಯಾಕ್ಟರಿನಿಂದ ಹೊರಗೆ ಬಂದ ಅದೇ ಬಂಡಲ್ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ. ಯುರೇನಿಯಂ ಒಡೆದು ಹುಟ್ಟಿದ ಹೋಳುಗಳು ಅದರೊಳಗೇ ಕೂತು ವಿಕಿರಣ, ಬಿಸಿ ಎರಡನ್ನೂ ಬಿಡುತ್ತಲೇ ಇರುತ್ತವೆ. ಟ್ರಿಪ್ ಆದಾಗ, ಅಂದರೆ ರಿಯಾಕ್ಟರನ್ನು ತಟ್ಟನೆ ನಿಲ್ಲಿಸಿದಾಗ, ನ್ಯೂಟ್ರಾನ್ ನುಂಗುವ ರಾಡ್‌ಗಳು ಕೆಲವೇ ಸೆಕೆಂಡಿನಲ್ಲಿ ಅದರೊಳಗೆ ಬೀಳುತ್ತವೆ, ಸರಪಳಿ ನಿಲ್ಲುತ್ತದೆ, ಕಂಟ್ರೋಲ್ ರೂಮಿನ ಮೀಟರಿನ ಮುಳ್ಳು ಕುಸಿಯುತ್ತದೆ. ಹೊಸ ಹುಡುಗರು ಅಷ್ಟಕ್ಕೇ ಉಸಿರು ಬಿಡುತ್ತಾರೆ. ಹಳಬರ ಕಣ್ಣು ಇಂಧನ ತಣಿಸುವ ಪಂಪಿನ ಮೇಲಿರುತ್ತದೆ, ಯಾಕೆಂದರೆ ನಿಲ್ಲಿಸಿದ ಆ ಕ್ಷಣದಲ್ಲಿ ಪೂರ್ತಿ ಶಾಖದ ಶೇ 6-7ರಷ್ಟು ಇನ್ನೂ ಹುಟ್ಟುತ್ತಿರುತ್ತದೆ, ಒಂದು ದಿನ ಕಳೆದ ಮೇಲೂ ಶೇ ಅರ್ಧದಷ್ಟು, ಅಂದರೆ ಕೆಲವು ಮೆಗಾವಾಟ್ ಬಿಸಿ, ಅದನ್ನು ಬಿಡದೆ ಹೊರಗೆ ಸಾಗಿಸುತ್ತಲೇ ಇರಬೇಕು. 2011ರ ಮಾರ್ಚ್‌ನಲ್ಲಿ ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರುಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತಿದ್ದವು. ಆಮೇಲೆ ಸುನಾಮಿ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ತಣಿಸುವ ದಾರಿ ತಪ್ಪಿತು, ಮೂರು ರಿಯಾಕ್ಟರುಗಳ ಇಂಧನ ಕರಗಿತು.

2012ರಲ್ಲಿ ಕೆಜಿಎಫ್‌ನ ಹಳೇ ಗಣಿಗೆ ಅಣು ತ್ಯಾಜ್ಯ ತರುತ್ತಾರೆ ಎಂದಾಗ ನಮ್ಮ ಜನ ಬೀದಿಗಿಳಿದರು. ತ್ಯಾಜ್ಯ ಕೊನೆಗೆ ಎಲ್ಲಿಗೆ ಅನ್ನುವ ಅವರ ಪ್ರಶ್ನೆ ಸರಿಯಾದದ್ದೇ. ನಾನು ಅಣು ವಿದ್ಯುತ್ತಿನ ಪರವೇ ಇದ್ದೇನೆ, ಆದರೂ ಸ್ಥಾವರ ಬಾಂಬಿನ ಹಾಗೆ ಸಿಡಿಯುತ್ತದಾ ಅಂತ ಕೇಳುವವರಿಗೆ ಇಲ್ಲ ಅಂದು, ಬೇರೆ ಪ್ರಶ್ನೆ ಕೇಳಿ ಅನ್ನುತ್ತೇನೆ. ಕರೆಂಟ್ ಹೋದರೆ ಪಂಪಿಗೆ ಎಷ್ಟು ಬಗೆಯ ಬ್ಯಾಕಪ್ ಇದೆ, ಬಳಸಿದ ಬಂಡಲ್ ನೀರಿನ ಕೊಳದಲ್ಲಿ ಎಷ್ಟು ವರ್ಷ ಇರುತ್ತದೆ, ಮರುಸಂಸ್ಕರಣೆ ಆದ ಮೇಲೆ, ಅಂದರೆ ಬಳಸಿದ ಇಂಧನದಿಂದ ಮತ್ತೆ ಬೇಕಾದ್ದನ್ನು ತೆಗೆದ ಮೇಲೆ, ಗಾಜಿನಲ್ಲಿ ಸೇರಿಸಿಟ್ಟ ತ್ಯಾಜ್ಯವನ್ನು ಕೊನೆಗೆ ಎಲ್ಲಿ ಇಡುತ್ತೀರಿ.